ಖಣಿ ಹೊಡೆಯುವ ಮೊದಲು ಮೇಲ್ಮಣ್ಣಿನ ಲೆಕ್ಕ ಇಡಿ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಈ ಕಡೆ ಎಲ್ಲಿ ಅಗೆದರೂ ಸುಣ್ಣದ ಕಲ್ಲು. ಸಿಮೆಂಟಿನ ದೊಡ್ಡ ಗಣಿಯಾಗಲಿ, ಹೊಲದ ಮೂಲೆಯ ಫರ್ಸಿ ಖಣಿಯಾಗಲಿ, ಕಲ್ಲಿನ ಲೆಕ್ಕ ಎಲ್ಲರಿಗೂ ಬಾಯಿಪಾಠ. ಮೇಲಿದ್ದ ಎರೆ ಮಣ್ಣು ಎಲ್ಲಿ ಹೋಯಿತು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತೀರಿ. ನಿಮ್ಮ ಮನಸ್ಸು ಒಳ್ಳೆಯದೇ, ಮರೆವು ಜಾಸ್ತಿ. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಕಿವಿಗೆ ಹಾಕಿಕೊಳ್ಳಿ.

• ಜೆಸಿಬಿ ಕರೆಸುವ ಮೊದಲೇ ಸಲಿಕೆ ಹಿಡಿದು ಐದಾರು ಕಡೆ ತೋಡಿ ನೋಡಿ. ಒಂದೇ ಹೊಲದಲ್ಲಿ ಇಲ್ಲಿ ಮೊಣಕಾಲುದ್ದ ಎರೆ, ಅಲ್ಲಿ ಗೇಣು ಇಳಿಯುವುದರೊಳಗೆ ಕಲ್ಲು. ಕೂತಲ್ಲೇ "ಸರಾಸರಿ ಒಂದಡಿ" ಎಂದು ಬರೆದುಬಿಟ್ಟರೆ, ಖಣಿ ಮುಗಿದು ಮಣ್ಣು ಮತ್ತೆ ಹಾಸುವ ದಿನ ಕಡಿಮೆ ಬೀಳುತ್ತದೆ.

• ಲೆಕ್ಕ ಬ್ರಾಸಿನಲ್ಲೇ ಇಡಿ, ಟ್ರ್ಯಾಕ್ಟರಿನವನಿಗೂ ತಿಳಿಯುತ್ತದೆ. ಗುಂಟೆಗೆ ಒಂದಡಿ ತೆಗೆದರೆ ಸುಮಾರು 11 ಬ್ರಾಸ್, ಎಕರೆಗೆ 435ರ ಆಸುಪಾಸು. ಅಗೆದ ಮಣ್ಣು ಉಬ್ಬಿರುತ್ತದೆ, ರಾಶಿ ನೋಡಿ ಬೀಗಬೇಡಿ. ಹಾಸಿದ ಮೇಲೆ ಎರಡು ಮಳೆಗೆ ಕುಸಿದು ತನ್ನ ನಿಜವಾದ ಅಳತೆ ತೋರಿಸುತ್ತದೆ.

• ಮಣ್ಣು ಸಾಲುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಯೋಜನೆ ಮಾಡಿ. ಕಲ್ಲೆಲ್ಲ ಲಾರಿ ಹತ್ತಿ ಹೋದ ಮೇಲೆ ಅಷ್ಟು ದೊಡ್ಡ ಗುಂಡಿ ತುಂಬಲು ಮಣ್ಣು ಎಲ್ಲಿಂದ ಬರಬೇಕು? ಆಳದ ಗುಂಡಿಯನ್ನು ನೀರು ನಿಲ್ಲಲು ಬಿಡಿ, ಸುತ್ತ ಗಟ್ಟಿ ಬೇಲಿ ಹಾಕಿಸಿ. ಮಣ್ಣನ್ನು ದಡಕ್ಕೂ ದಿಬ್ಬದ ಇಳಿಜಾರಿಗೂ ಉಳಿಸಿ. ಹುಲ್ಲಿಗೆ ಅರ್ಧ ಅಡಿ ಸಾಕು. ಗಿಡ ನೆಡಲು ನೆಲವೆಲ್ಲ ಹಾಸುವುದು ದುಂದುವೆಚ್ಚ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಕುಣಿ ತೆಗೆದು ಅದಕ್ಕಷ್ಟೇ ತುಂಬಿ, ಒಂದು ಬ್ರಾಸಿನಲ್ಲಿ 12 ಕುಣಿ ಆಗುತ್ತವೆ. ಮತ್ತೆ ತೊಗರಿ ಬಿತ್ತುವ ಆಸೆಯಿದ್ದ ಜಾಗಕ್ಕೆ ಮಾತ್ರ ಕೈಬಿಚ್ಚಿ ದಪ್ಪ ಹಾಸಿ. 2019ರಲ್ಲಿ ಜಿಐ ಗುರುತು ಪಡೆದ ನಮ್ಮ ತೊಗರಿಯ ತಾಯಿಬೇರು ಗೇಣು ಮಣ್ಣಿಗೆ ಒಗ್ಗುವುದಿಲ್ಲ.

• ಹಸಿ ಎರೆಗೆ ಯಂತ್ರ ಇಳಿಸಬೇಡಿ. ಅರ್ಧ ಬಕೆಟಿಗೆ ಮೆತ್ತಿಕೊಳ್ಳುತ್ತದೆ, ಇನ್ನರ್ಧ ಚಕ್ರದಡಿ ತುಳಿಸಿಕೊಂಡು ಒಡೆಯಲಾಗದ ಹೆಂಟೆಯಾಗುತ್ತದೆ. ಸುಗ್ಗಿ ಮುಗಿದ ಮೇಲೆ, ಬೇಸಿಗೆಯಲ್ಲೇ ತೆಗೆಯಿರಿ.

• ಮೇಲಿನ ಕರಿ ಮಣ್ಣು, ಕೆಳಗಿನ ಸುಣ್ಣದ ಗರಸು, ಎರಡಕ್ಕೂ ಬೇರೆ ಬೇರೆ ರಾಶಿ ಹಾಕಿ, ಬೋರ್ಡು ನೆಡಿ. ಆರು ತಿಂಗಳಿಗೆ ಡ್ರೈವರ್ ಬದಲಾದರೆ ಯಾವುದು ಯಾವುದೆಂದು ಯಾರಿಗೆ ಗೊತ್ತು? ಹಾಸುವಾಗ ಗರಸು ಕೆಳಗೆ, ಕರಿ ಮಣ್ಣು ಮೇಲೆ.

• ಇಲ್ಲಿ ತೆಗೆದದ್ದನ್ನು ಅಲ್ಲಿ ನೇರವಾಗಿ ಹಾಸುವಂತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಸಾಗಾಣಿಕೆಯೂ ಒಂದೇ ಸಲ. ಕಾಯಿಸಲೇಬೇಕಾದರೆ ರಾಶಿ ಆಳೆತ್ತರ ದಾಟದಿರಲಿ, ಒಳಗೆ ಗಾಳಿಯಿಲ್ಲದೆ ಮಣ್ಣಿನ ಜೀವ ಹೋಗುತ್ತದೆ. ಮೇಲೆ ಸೆಣಬೋ ಹುರುಳಿಯೋ ಚೆಲ್ಲಿ. ಹಳ್ಳದ ದಾರಿಯಲ್ಲಂತೂ ಸುರಿಯಬೇಡಿ, ಒಂದು ಜೋರು ಮಳೆಗೆ ನಿಮ್ಮ ಲೆಕ್ಕವೆಲ್ಲ ಕಾಗಿಣಾ ಸೇರುತ್ತದೆ. ಮೇಲ್ಮಣ್ಣು ಬೇರೆ ಇಡಿ ಎಂದು ಕೇಂದ್ರದ 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳೂ ಹೇಳುತ್ತವೆ. ಅದು ಸಿಮೆಂಟ್ ಗಣಿಯವರಿಗೆ ಎಂದು ಫರ್ಸಿಯವರು ಜಾರಿಕೊಳ್ಳಬೇಡಿ, ಹೊಲ ನಿಮ್ಮದೇ ತಾನೆ?

• ಫರ್ಸಿ ಎದ್ದ ತಳ ಅಡುಗೆಮನೆ ನೆಲದಷ್ಟೇ ನುಣುಪು. ಅದರ ಮೇಲೆ ನೇರ ಮಣ್ಣು ಹಾಕಿದರೆ ಬೇರು ಇಳಿಯದು, ನೀರು ಇಂಗದು. ಮೊದಲು ಬ್ರೇಕರ್ ಹೊಡೆಸಿ ಸೀಳು ಬಿಡಿಸಿ. ಎದ್ದ ಚೂರುಗಲ್ಲನ್ನು ಮಾರಾಟವಾಗದ ಕಸ ಎನ್ನಬೇಡಿ, ಇಳಿಜಾರಿಗೆ ಅಡ್ಡಲಾಗಿ ಒಡ್ಡು ಕಟ್ಟಿ, ಹಾಸಿದ ಮಣ್ಣು ನಿಲ್ಲುತ್ತದೆ.

• ಪಾಲಿಶ್ ಮಾಡುವಲ್ಲಿನ ಬಿಳಿ ಕೆಸರನ್ನು "ಅದೂ ಮಣ್ಣೇ ಅಲ್ಲವಾ" ಎಂದು ಬೆರೆಸಬೇಡಿ. ಒಣಗಿದರೆ ಹೆಪ್ಪಳಿಕೆ ಕಟ್ಟಿ ಮೊಳಕೆ ಮೇಲೇಳುವುದಿಲ್ಲ.

• ರೋಹಿಣಿಯೊಳಗೆ ಹಾಸಿ ಮುಗಿಸಿ, ಮಿರಗದ ಹದ ಮಳೆಗೆ ಬೀಜ ಚೆಲ್ಲಿ. ಹಾಸಿದ ಮೇಲೆ ಟಿಪ್ಪರ್ ಓಡಾಡದಂತೆ ದಾರಿಗೆ ಕಲ್ಲು ಇಡಿ.

• ಬೇವು, ಹೊಂಗೆ, ಹುಣಸೆ, ಸೀತಾಫಲ, ಬಾರಿ ನೆಡಿ. ಇವು ನಮ್ಮ ಬಿಸಿಲು ಕಂಡ ಗಿಡಗಳು. ಬಳ್ಳಾರಿ ಜಾಲಿ ತಾನಾಗಿ ಬಂದರೆ "ಹಸಿರಾದರೂ ಆಯಿತಲ್ಲ" ಎಂದು ಬಿಡಬೇಡಿ, ಬೆರಳುದ್ದ ಇರುವಾಗಲೇ ಬೇರುಸಮೇತ ಕೀಳಿ. ದೊಡ್ಡದಾದರೆ ಕಡಿದಷ್ಟೂ ಚಿಗುರುತ್ತದೆ.

• ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಯೂರಿಯಾ ಚೀಲ ಬಿಚ್ಚಬೇಡಿ. ಸುಣ್ಣದ ನೆಲದಲ್ಲಿ ಗಿಡಕ್ಕೆ ಕಬ್ಬಿಣ ದಕ್ಕುತ್ತಿಲ್ಲ. ಕುಣಿಗೆ ಕೊಟ್ಟಿಗೆ ಗೊಬ್ಬರ ಹಾಕಿ, ಕೃಷಿ ವಿಜ್ಞಾನ ಕೇಂದ್ರದವರಿಗೆ ಮಣ್ಣು ತೋರಿಸಿ.

• ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲೇ ಹೇಳಿದೆ. ಬೆಳೆಸಿದ ಮರುದಿನವೇ ಆಡು ಕುರಿ ಬಿಟ್ಟರೆ ಬೇರೂ ಉಳಿಯದು. ಎರಡು ಮಳೆಗಾಲ ಕೊಯ್ದು ಹೊತ್ತೊಯ್ಯಲು ಬಿಡಿ, ಬಾಯಿ ಹಾಕಲು ಬೇಡ. ಕಾವಲಿಗೆ ಆ ಊರಿನ ಕುರಿಗಾರರಲ್ಲೇ ಒಬ್ಬರನ್ನು ಸಂಬಳಕ್ಕೆ ಇಡಿ; ಹೊರಗಿನವರನ್ನು ಇಟ್ಟರೆ ದಿನಾ ಜಗಳ.