ಮೂವತ್ನಾಲ್ಕರ ಮಗ್ಗಿ ಕಲಿತ ಬ್ಯಾಕ್ಟೀರಿಯಾ

ಗಂಗಾವತಿ, ಸಿಂಧನೂರು ಕಡೆಯವರು ನಿಮ್ಮ ಹಾಸ್ಟೆಲ್‌ನಲ್ಲಿದ್ದರೆ ಕೇಳಿ ನೋಡಿ, ಭತ್ತದ ದುಂಡಾಣು ಅಂಗಮಾರಿ ರೋಗ ಅವರಿಗೆ ಗೊತ್ತಿರುತ್ತೆ. ಎಲೆ ಅಂಚಿನಿಂದ ಹಳದಿಯಾಗಿ ಒಣಗುತ್ತಾ ಬರುತ್ತೆ. ಗದ್ದೆ ತುಂಬಾ ಹರಡಿದ ಮೇಲೆ ಔಷಧಿ ಹೊಡೆದು ತಡೆಯೋದು ಕಷ್ಟ. ಇದನ್ನು ತರೋದು ಕ್ಸಾಂಥೊಮೊನಾಸ್ ಒರೈಜೆ ಅನ್ನೋ ಬ್ಯಾಕ್ಟೀರಿಯಾ. ಅದು ಕೆಲಸ ಮಾಡೋ ರೀತಿ ನೋಡಿದರೆ ನಮ್ಮ ಪ್ರೋಗ್ರಾಮಿಂಗ್ ಲ್ಯಾಬ್‌ನ ಲುಕಪ್ ಟೇಬಲ್ ನೆನಪಾಗುತ್ತೆ.

ಈ ಬ್ಯಾಕ್ಟೀರಿಯಾ ಸೂಜಿಯಂಥ ರಚನೆಯಿಂದ ತನ್ನ ಪ್ರೋಟೀನ್‌ಗಳನ್ನು ಭತ್ತದ ಜೀವಕೋಶದೊಳಗೆ ಚುಚ್ಚುತ್ತೆ. ಅವುಗಳಲ್ಲಿ ಒಂದು ಗುಂಪಿನ ಹೆಸರು ಟೇಲ್ ಪ್ರೋಟೀನ್. ಇದರ ಮಧ್ಯಭಾಗದಲ್ಲಿ ಸುಮಾರು 34 ಅಮೈನೋ ಆಮ್ಲಗಳ ಒಂದೇ ತುಣುಕು ಮತ್ತೆ ಮತ್ತೆ ಬರುತ್ತೆ, ಹೆಚ್ಚಾಗಿ ಹದಿನೈದು ಇಪ್ಪತ್ತು ಸಲ. ತುಣುಕುಗಳೆಲ್ಲ ಬಹುಪಾಲು ಒಂದೇ ತರ. ಮುಖ್ಯವಾಗಿ ಬದಲಾಗೋದು 12 ಮತ್ತು 13ನೇ ಸ್ಥಾನಗಳು ಮಾತ್ರ.

ಗುಟ್ಟು ಇರೋದು ಆ ಎರಡು ಸ್ಥಾನಗಳಲ್ಲೇ. 2009ರಲ್ಲಿ ಜರ್ಮನಿ ಮತ್ತು ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಈ ಕೋಡ್ ಬಿಡಿಸಿದವು: ಒಂದು ತುಣುಕು ಡಿಎನ್‌ಎಯ ಒಂದು ಅಕ್ಷರವನ್ನು ಓದುತ್ತೆ. ಅಮೈನೋ ಆಮ್ಲಗಳ ಒಂದಕ್ಷರದ ಹೆಸರಲ್ಲಿ ಹೇಳೋದಾದರೆ, ಎಚ್‌ಡಿ ಇದ್ದರೆ ಸಿ, ಎನ್‌ಜಿ ಇದ್ದರೆ ಟಿ, ಎನ್‌ಐ ಇದ್ದರೆ ಎ, ಎನ್‌ಎನ್ ಇದ್ದರೆ ಜಿ (ಕೆಲವು ಸಲ ಎ). ಈಗ ನೀವೇ ಹೇಳಿ, ಎನ್‌ಐ, ಎಚ್‌ಡಿ, ಎನ್‌ಜಿ ಸಾಲಾಗಿ ಬಂದರೆ? ಎ-ಸಿ-ಟಿ. ಅಷ್ಟೇ ಲೆಕ್ಕ. ತುಣುಕುಗಳು ಸೇರಿ ಸ್ಪ್ರಿಂಗ್ ತರ ಡಿಎನ್‌ಎಯನ್ನು ಸುತ್ತಿಕೊಳ್ಳುತ್ತವೆ ಅಂತ 2012ರಲ್ಲಿ ಅದರ ರಚನೆಯೂ ಗೊತ್ತಾಯಿತು.

ಓದಿ ಏನು ಮಾಡುತ್ತೆ? ಭತ್ತದಲ್ಲಿ ಸ್ವೀಟ್11, ಸ್ವೀಟ್14 ಅನ್ನೋ ಜೀನ್‌ಗಳಿವೆ. ಸಕ್ಕರೆಯನ್ನು ಕೋಶದಿಂದ ಹೊರಗೆ ಸಾಗಿಸುವ ಪ್ರೋಟೀನ್ ತಯಾರಿಸೋದು ಇವು. ಪ್ರತಿ ಜೀನ್‌ನ ಮುಂದೆ ಪ್ರಮೋಟರ್ ಅನ್ನೋ ಸ್ವಿಚ್ ಇರುತ್ತೆ. ಟೇಲ್ ಪ್ರೋಟೀನ್ ಅಲ್ಲಿ ತನ್ನ ವಿಳಾಸ ಹುಡುಕಿ ಕೂತು ಸ್ವಿಚ್ ಆನ್ ಮಾಡುತ್ತೆ. ಹೊರಗೆ ಬಂದ ಸಕ್ಕರೆಯೇ ಬ್ಯಾಕ್ಟೀರಿಯಾದ ಊಟ ಅನ್ನೋದು ವಿಜ್ಞಾನಿಗಳ ವಿವರಣೆ.

ಹಾಗಾದ್ರೆ ಆ ಜೀನನ್ನೇ ತೆಗೆದುಹಾಕಬಹುದಲ್ವಾ? ಆಗಲ್ಲ. ಸ್ವೀಟ್11 ಇಲ್ಲದಿದ್ದರೆ ಕಾಳು ಕಟ್ಟೋದಕ್ಕೆ ತೊಂದರೆ. ಆದರೆ ಜೀನನ್ನು ಹಾಗೇ ಬಿಟ್ಟು, ಪ್ರಮೋಟರ್‌ನ ವಿಳಾಸ ಬದಲಾದರೆ ಸಾಕು. ಕೆಲವು ಭತ್ತದ ತಳಿಗಳಲ್ಲಿ ಇದು ತಾನಾಗಿಯೇ ಆಗಿದೆ. ಅದನ್ನು ಎಕ್ಸ್‌ಎ13 ಅಂತಾರೆ.

ಕಥೆ ಇಲ್ಲಿಗೆ ಮುಗಿಯಲ್ಲ. ಒಂದೇ ತರದ ತುಣುಕುಗಳು ಸುಲಭವಾಗಿ ಅದಲು ಬದಲಾಗುತ್ತವೆ, ಹೆಚ್ಚು ಕಮ್ಮಿಯೂ ಆಗುತ್ತವೆ. ಅಂದರೆ ಬ್ಯಾಕ್ಟೀರಿಯಾ ಹೊಸ ವಿಳಾಸ ಓದೋದನ್ನು ಕಲಿಯಬಹುದು. ಸ್ವೀಟ್11 ಸಿಗದಿದ್ದರೆ ಸ್ವೀಟ್14ರ ಬಾಗಿಲು ತಟ್ಟುವ ಬ್ಯಾಕ್ಟೀರಿಯಾಗಳು ಈಗಾಗಲೇ ಇವೆ. ಅದಕ್ಕೇ ಒಂದು ಬೀಗ ಸಾಲಲ್ಲ. ನಮ್ಮ ತುಂಗಭದ್ರಾ ಬಯಲಲ್ಲಿ ಬೆಳೆಯುವ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ, ಈ ರೋಗಕ್ಕೆ ಬೇಗ ಬೀಳುತ್ತೆ. ಹೈದರಾಬಾದಿನ ಸಿಸಿಎಂಬಿ ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯದವರು ಎಕ್ಸ್‌ಎ5, ಎಕ್ಸ್‌ಎ13, ಎಕ್ಸ್‌ಎ21 ಮೂರನ್ನೂ ತಳಿ ಸಂಕರಣದಿಂದ ಅದಕ್ಕೆ ಸೇರಿಸಿದರು. ಈ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. 2019ರಲ್ಲಿ ಸ್ವೀಟ್ ಜೀನ್‌ಗಳ ಮೂರು ಪ್ರಮೋಟರ್‌ಗಳನ್ನು ಜೀನ್ ಎಡಿಟಿಂಗ್‌ನಿಂದ ಬದಲಿಸಿದ ಭತ್ತದ ಗಿಡಗಳ ವರದಿಯೂ ಬಂತು.

ಇನ್ನೊಂದು ವಿಷಯ. ಈ ಕೋಡ್ ಗೊತ್ತಾದ ಮೇಲೆ ನಾವೇ ತುಣುಕು ಜೋಡಿಸಿ, ಡಿಎನ್‌ಎ ಕತ್ತರಿಸುವ ಕಿಣ್ವವನ್ನು ಅದಕ್ಕೆ ಅಂಟಿಸಿ, ಬೇಕಾದ ಕಡೆ ಕತ್ತರಿಸೋ ಟೇಲನ್ ಅನ್ನೋ ಸಾಧನ ಹುಟ್ಟಿತು. ಗದ್ದೆಯ ಕಳ್ಳನ ಕೀಲಿಕೈ ಈಗ ಲ್ಯಾಬ್‌ನ ಟೂಲ್‌ಬಾಕ್ಸ್‌ನಲ್ಲೂ ಇದೆ.