ಡ್ರಿಪ್ ಜೋರು ಮಾಡೋ ಮುಂಚೆ

ನೋಡಮ್ಮಾ, ಐಸಿಯುನಲ್ಲಿ ಮೆದುಳು ಸಾವಿನ ರೋಗಿಯ ಜವಾಬ್ದಾರಿ ನಿನ್ನ ಪಾಲಿಗೆ ಬಂದ ದಿನ ಬಿಪಿ ಕುಸಿದೇ ಕುಸಿಯುತ್ತೆ. ಆಗ ಕೈ ತಾನಾಗೇ ಸಲೈನ್ ಕಡೆ ಹೋಗುತ್ತೆ. ಒಂದು ಕ್ಷಣ ತಡಿ.

ಮೆದುಳು ನಿಂತಾಗ ರಕ್ತನಾಳಗಳ ಬಿಗಿ ಸಡಿಲವಾಗುತ್ತೆ. ಪಿಟ್ಯುಟರಿಯಿಂದ ಬರಬೇಕಾದ ವ್ಯಾಸೋಪ್ರೆಸಿನ್ ನಿಂತು ಮೂತ್ರ ಒಂದೇ ಸಮ ಹರಿಯುತ್ತೆ. ಕಿಲೋ ತೂಕಕ್ಕೆ ಗಂಟೆಗೆ 4 ಮಿಲಿ ದಾಟೋದೂ ಉಂಟು. ಊತ ಇಳಿಸೋಕೆ ಅಂತ ನಾವೇ ಮೊದಲು ಮ್ಯಾನಿಟಾಲ್ ಕೊಟ್ಟಿರುತ್ತೀವಿ. ಹಾಗಾಗಿ ಆರಂಭದಲ್ಲಿ ದೇಹ ನಿಜಕ್ಕೂ ಒಣಗಿರುತ್ತೆ, ಹೋದ ನೀರು ತುಂಬಲೇಬೇಕು. ತುಂಬಿದ ಮೇಲೂ ಸುರೀತಾ ಇರೋದೇ ಅನಾಹುತ. ಮೆದುಳು ನಿಲ್ಲೋ ಹೊತ್ತಲ್ಲಿ ಅಡ್ರಿನಲಿನ್ ಉಕ್ಕಿದ ಹೊಡೆತಕ್ಕೆ ಶ್ವಾಸಕೋಶದ ಕಿರುನಾಳಗಳು ಆಗಲೇ ಸೋರೋಕೆ ಶುರುವಾಗಿರುತ್ತವೆ. ಹೆಚ್ಚಾದ ಸಲೈನ್ ಗಾಳಿಗೂಡುಗಳಿಗೇ ಇಳಿಯುತ್ತೆ, ಬೇರೆಯವರ ಎದೆಯಲ್ಲಿ ಉಸಿರಾಡಬೇಕಿದ್ದ ಶ್ವಾಸಕೋಶ ಕೈಬಿಟ್ಟುಹೋಗುತ್ತೆ.

ನೀರು ತುಂಬಿದರೂ ಬಿಪಿ ಏರಲಿಲ್ಲವಾ? ವ್ಯಾಸೋಪ್ರೆಸಿನ್ ಪಂಪ್ ಬೇಗ ಶುರುಮಾಡು, ಗಂಟೆಗೆ 2.4 ಯೂನಿಟ್ ಒಳಗೆ. ನಾಳಗಳನ್ನೂ ಬಿಗಿ ಮಾಡುತ್ತೆ, ಮೂತ್ರವನ್ನೂ ತಡೆಯುತ್ತೆ. ಬಿಪಿ ಚೆನ್ನಾಗಿದ್ದು ಮೂತ್ರ ಮಾತ್ರ ಹರೀತಿದ್ದರೆ ಡೆಸ್ಮೋಪ್ರೆಸಿನ್ ಸಾಕು. ಸೋಡಿಯಂ 155 ದಾಟದ ಹಾಗೆ ನೋಡ್ಕೋ, ಇಲ್ಲದಿದ್ದರೆ ಲಿವರ್‌ಗೆ ಪೆಟ್ಟು.

'ಕಿಡ್ನಿಗೆ ನೀರು ಬೇಕಲ್ಲ ಡಾಕ್ಟ್ರೇ' ಅಂತ ಯಾರಾದರೂ ಅಂದೇ ಅಂತಾರೆ. ಸ್ಪೇನಿನ ವೈದ್ಯರು ಸಿವಿಪಿ 6ರ ಕೆಳಗೆ ಇಟ್ಟು, ಒಳಹೋದ ನೀರು ಹೊರಬಂದದ್ದನ್ನು ಮೀರದ ಹಾಗೆ ಮೆದುಳು ಸತ್ತ ಅಂಗದಾನಿಗಳನ್ನು ನೋಡಿಕೊಂಡರು. 2010ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಆ ಕಿಡ್ನಿ ಪಡೆದವರಿಗೆ ಅದರಿಂದ ತೊಂದರೆ ಕಾಣಲಿಲ್ಲ. ಸ್ಟಾರ್ಚ್ ದ್ರಾವಣವನ್ನಂತೂ ಹತ್ತಿರ ಸೇರಿಸಬೇಡ, ಕಿಡ್ನಿ ಕೆಡಿಸೋದು ಅದು.

ನಮ್ಮ ಕಾನೂನಿನಲ್ಲಿ ಮೆದುಳು ಸಾವು ಖಚಿತಪಡಿಸೋ ಎರಡು ಪರೀಕ್ಷೆಗಳ ನಡುವೆ ಕನಿಷ್ಠ 6 ಗಂಟೆ ಬಿಡಬೇಕಲ್ಲ, ಆ ಹೊತ್ತಿನಲ್ಲಿ 'ಇನ್ನೇನಿದೆ' ಅಂತ ಹಾಸಿಗೆಯ ಬಳಿ ಯಾರೂ ಸುಳಿಯದಿರೋದು ನನಗೆ ತುಂಬಾ ಸಂಕಟ. ಅವರು ಆಗಲೂ ರೋಗಿಯೇ. ಪ್ರತಿ ಗಂಟೆ ಒಳಹೋದದ್ದು, ಹೊರಬಂದದ್ದು ನೀನೇ ಬರಿ. ತಲೆಭಾಗ 30 ಡಿಗ್ರಿ ಎತ್ತಿಸು. ವೆಂಟಿಲೇಟರಿನಲ್ಲಿ ಕಿಲೋಗೆ 6ರಿಂದ 8 ಮಿಲಿ ಗಾಳಿ ಸಾಕು, ಪೀಪ್ 8ರಿಂದ 10 ಇರಲಿ. ಆಪ್ನಿಯಾ ಪರೀಕ್ಷೆ ಮುಗಿದಾಗ ಶ್ವಾಸಕೋಶ ಕುಗ್ಗಿರುತ್ತೆ. ಬಿಪಿ ತಡೆಯುತ್ತಾ ನೋಡಿ ಮತ್ತೆ ಅರಳಿಸು, ಆಮೇಲೇ ಎಬಿಜಿ ಕಳಿಸು.