ಮಕ್ಕಳ ಲೆಕ್ಕ, ಊರ ನೀರು

ದುಮ್ಮವಾಡ ಕಲಘಟಗಿ ತಾಲ್ಲೂಕಿನ ಒಂದು ಊರು. ಊರ ಹತ್ತಿರ ದೊಡ್ಡ ಕೆರೆ ಇದೆ. ಅದರ ಹೆಸರು ನೀರಸಾಗರ. ಬೇಡ್ತಿ ಹಳ್ಳಕ್ಕೆ ಒಡ್ಡು ಹಾಕಿ 1955ರಲ್ಲಿ ಇದನ್ನು ಕಟ್ಟಿದರು. ಹುಬ್ಬಳ್ಳಿಯ ಜನರಿಗೆ ಕುಡಿಯುವ ನೀರು ಕೊಡಲು ಕಟ್ಟಿದ ಕೆರೆ ಇದು.

ಇಂಥ ದೊಡ್ಡ ಕೆರೆಯೂ ಬತ್ತುವುದುಂಟೆ? ಉಂಟು. ಮಳೆ ಕೈಕೊಟ್ಟಿತು. 2017ರಲ್ಲಿ ನೀರಸಾಗರ ಬತ್ತಿತು. 2019ರ ಆಗಸ್ಟಿನಲ್ಲಿ ಭಾರಿ ಮಳೆ ಬಂತು. ಆಗ ಕೆರೆ ತುಂಬಿ ಹರಿಯಿತು. ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಬಂದ ನೀರನ್ನು ಹಾಳು ಮಾಡದೆ ಉಳಿಸುವುದು ನಮ್ಮ ಕೈಯಲ್ಲಿದೆ.

ಈ ಕೆಲಸಕ್ಕೆ ಹೈಸ್ಕೂಲಿನ ಮಕ್ಕಳೇ ಮುಂದೆ ಬರಬಹುದು.

ಶಾಲೆಯಲ್ಲಿ ಪರಿಸರ ಸಂಘ

1993ರಲ್ಲಿ ದೇಶದಲ್ಲಿ ಮಕ್ಕಳ ವಿಜ್ಞಾನ ಸಮಾವೇಶ ಶುರುವಾಯಿತು. 10ರಿಂದ 17 ವರ್ಷದ ಮಕ್ಕಳು ಗುಂಪು ಕಟ್ಟಿದರು. ತಮ್ಮ ಊರಿನದೇ ಒಂದು ತೊಂದರೆಯನ್ನು ಆರಿಸಿಕೊಂಡರು. ಅದನ್ನು ಅಳೆದರು, ಎಣಿಸಿದರು, ಬರೆದರು. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಈ ಸಮಾವೇಶ ನಡೆಸಿತು.

2001ರಲ್ಲಿ ರಾಷ್ಟ್ರೀಯ ಹಸಿರು ಪಡೆ ಶುರುವಾಯಿತು. ಶಾಲೆಗಳಲ್ಲಿ 30ರಿಂದ 50 ಮಕ್ಕಳ ಪರಿಸರ ಸಂಘಗಳು ಹುಟ್ಟಿದವು. ಇದಕ್ಕೆ ಇಕೋ ಕ್ಲಬ್ ಎಂದೂ ಹೇಳುತ್ತಾರೆ. ಶಿಕ್ಷಕರು ದಾರಿ ತೋರಿಸುತ್ತಾರೆ. ಕೆಲಸ ಮಕ್ಕಳದು.

ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಕೆಲಸ ಮುಗಿಯಲಿಲ್ಲ. ಊರಿನ ತೊಂದರೆಯ ಲೆಕ್ಕ ಹಿಡಿಯಬೇಕು. ಆ ಲೆಕ್ಕ ಮನೆಯಿಂದಲೇ ಶುರುವಾಗುತ್ತದೆ. ಒಂದು ಮನೆಯಲ್ಲಿ ತಾಯಿ, ಮಗಳು ಹೀಗೆ ಮಾತನಾಡಿದರು ಎಂದುಕೊಳ್ಳಿ.

ತಾಯಿ ಮಗಳ ಮಾತು

ಮಗಳು: ಯವ್ವಾ, ನೀ ದಿನಾ ಎಷ್ಟ ಕೊಡಾ ನೀರ ತರತಿ?

ತಾಯಿ: ಯಾಕವ್ವಾ? ಕೊಡಾ ಎಣಿಸಕೋತ ಕುಂದ್ರಲೇನು?

ಮಗಳು: ಸಾಲ್ಯಾಗ ನಾವು ಐದು ಮಂದಿ ನೀರಿನ ಲೆಕ್ಕಾ ಬರಿಯಾಕತ್ತೇವಿ. ಒಬ್ಬೊಬ್ಬರಿಗೆ ಹತ್ತ ಮನಿ.

ತಾಯಿ: ಲೆಕ್ಕಾ ಬರದ್ರ ನೀರ ಬರತೈತೇನು?

ಮಗಳು: ಬರೂದಿಲ್ಲ. ಆದ್ರ ಹಾಳಾಗೂ ನೀರ ಕಾಣತೈತಿ. ನಮ್ಮ ಸಾಲಿ ಟಾಕಿ ನಳಾ ಸೋರತಿತ್ತು. ಅದರ ಕೆಳಗ ಒಂದ ತಾಸು ಲೋಟಾ ಇಟ್ವಿ. 200 ಮಿಲಿಲೀಟರ್ ತುಂಬಿತು.

ತಾಯಿ: ಇಷ್ಟ ಏನು? ಒಂದ ಲೋಟಾ!

ಮಗಳು: ತಾಸಿಗೆ ಒಂದ ಲೋಟಾ. ದಿನಕ್ಕ 24 ಲೋಟಾ. ಹತ್ತಿರ ಹತ್ತಿರ 5 ಲೀಟರ್. ವರ್ಷಕ್ಕ 1,750 ಲೀಟರ್.

ತಾಯಿ: ಅಂದ್ರ ನೂರಕ್ಕಿಂತ ಹೆಚ್ಚ ಕೊಡಾ ಆತಲ್ಲ! ಒಂದ ವಾಷರ್ ಹಾಕಿದ್ರ ನಿಲ್ಲತಿತ್ತು.

ಮಗಳು: ಹಾಕಿಸೇವಿ. ಈಗ ನಮ್ಮ ಓಣಿ ಬೋರಿಂಗಿನ ಲೆಕ್ಕಾ ಹಿಡಿಯಬೇಕು. ಕೆಟ್ಟು ಎಷ್ಟ ದಿನಾ ಆತು?

ತಾಯಿ: ದೀಪಾವಳಿ ಮುಂದ ಕೆಟ್ಟದ್ದು. ನಾವು ಹೆಣ್ಮಕ್ಕಳು ಹೇಳಿ ಹೇಳಿ ಸಾಕಾಗೇತಿ. ದೂರದಿಂದ ನೀರ ತರೂದರಾಗ ಮುಂಜಾನಿ ಒಂದ ತಾಸು ಹೋಗತೈತಿ. ನಿನಗೂ ಸಾಲಿಗಿ ತಡಾ ಆಗತೈತಿ.

ಮಗಳು: ಬಾಯಿಲೆ ಹೇಳಿದ್ದು ಗಾಳಿಗಿ ಹೋಗತೈತಿ. ಎಷ್ಟ ಮನಿ, ಎಷ್ಟ ದಿನಾ, ಎಷ್ಟ ಕೊಡಾ, ಎಲ್ಲಾ ಬರದು ಅರ್ಜಿ ಕೊಡೂಣು. ನೀ ಮೊದಲ ಸಹಿ ಹಾಕು.

ತಾಯಿ: ಹಾಕತೇನಿ. ಹೆಬ್ಬೆಟ್ಟ ಅಲ್ಲ, ಸಹಿ. ಆದ್ರ ಮೊದಲ ಆ ಹಾಳಿ ಇಲ್ಲಿ ಕೊಡು. ಓದದ ಸಹಿ ಹಾಕೂದಿಲ್ಲ.

ಅರ್ಜಿ ಎಲ್ಲಿ ಕೊಡಬೇಕು?

ಗ್ರಾಮ ಪಂಚಾಯತಿಗೆ ಕೊಡಬೇಕು. ಗ್ರಾಮ ಸಭೆಯಲ್ಲಿ ಓದಿ ಹೇಳಬಹುದು. ಮಕ್ಕಳಿಗೂ ಒಂದು ಸಭೆ ಇದೆ. ಅದು ಮಕ್ಕಳ ಗ್ರಾಮ ಸಭೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಬೇಕು ಎಂದು ಕರ್ನಾಟಕ ಸರಕಾರ 2006ರಲ್ಲಿ ಆದೇಶ ಮಾಡಿತು. ಅಲ್ಲಿ ಮಕ್ಕಳು ಎದ್ದು ನಿಂತು ಪ್ರಶ್ನೆ ಕೇಳಬಹುದು. ಕೈಯಲ್ಲಿ ಲೆಕ್ಕ ಇದ್ದರೆ ಮಾತಿಗೆ ತೂಕ ಬರುತ್ತದೆ.

ಮಾಳಿಗೆಯ ಮೇಲೆ ಬಿದ್ದ ಮಳೆ

ಮಕ್ಕಳು ಮಾಡಬಹುದಾದ ಇನ್ನೊಂದು ಲೆಕ್ಕ ಇದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು.

ಶಾಲೆಯ ಒಂದು ಕೋಣೆಯ ಮಾಳಿಗೆ 20 ಚದರ ಮೀಟರ್ ಇದೆ ಎನ್ನಿ. ಒಂದು ದಿನ 10 ಮಿಲಿಮೀಟರ್ ಮಳೆ ಆಯಿತು. 20ನ್ನು 10ರಿಂದ ಗುಣಿಸಿ. 200 ಲೀಟರ್! ಸ್ವಲ್ಪ ನೀರು ಆರಿ ಹೋಗುತ್ತದೆ, ಸ್ವಲ್ಪ ಚೆಲ್ಲುತ್ತದೆ. ಉಳಿದದ್ದನ್ನು ಕೊಳವೆಯಿಂದ ಟಾಕಿಗೆ ಬಿಡಬಹುದು.

ನೆನಪಿಡಿ. ಮೊದಲ ಮಳೆಯ ನೀರು ಹಿಡಿಯಬೇಡಿ. ಅದರಲ್ಲಿ ಧೂಳು, ಕಸ ಇರುತ್ತದೆ. ಟಾಕಿಗೆ ಮುಚ್ಚಳ ಇರಲಿ. ಇಲ್ಲದಿದ್ದರೆ ಡೆಂಗಿ ತರುವ ಸೊಳ್ಳೆ ಬೆಳೆಯುತ್ತದೆ. ಈ ನೀರು ಗಿಡಗಳಿಗೆ, ತೊಳೆಯಲು ಸಾಕು. ಕುಡಿಯುವುದಾದರೆ ಸೋಸಿ, ಕುದಿಸಿ ಕುಡಿಯಿರಿ.

ಮಕ್ಕಳು ಲೆಕ್ಕ ಕೇಳಲು ಬಂದರೆ "ಹೋಗ್ರಿ, ಕೆಲಸ ಐತಿ" ಎನ್ನಬೇಡಿ. ನೀರಿನ ಕಷ್ಟ ನಿಮಗೆ ಗೊತ್ತು. ಅಂಕಿ ಬರೆಯುವುದು ಅವರಿಗೆ ಗೊತ್ತು. ಈಗ ನಿಮಗೂ ಗೊತ್ತು. ಇಬ್ಬರೂ ಕೂಡಿದರೆ ಊರ ನೀರು ಉಳಿದೀತು.

ಓದಿ, ಉತ್ತರ ಹೇಳಿ

1. ನೀರಸಾಗರವನ್ನು ಯಾವ ಹಳ್ಳಕ್ಕೆ ಕಟ್ಟಿದ್ದಾರೆ?
2. ತಾಯಿ ಹಾಳೆಯನ್ನು ಏಕೆ ಕೇಳಿದಳು?
3. 30 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಲೀಟರ್ ನೀರು?

ಮಾಡಿ ನೋಡಿ

ನಿಮ್ಮ ಮನೆಗೆ ಒಂದು ವಾರ ದಿನಕ್ಕೆ ಎಷ್ಟು ಕೊಡ ನೀರು ಬಂತು? ಪ್ರತಿ ದಿನ ಬರೆದಿಡಿ. ಕೊನೆಗೆ ಕೂಡಿಸಿ. ಕೆಳಗೆ ನಿಮ್ಮ ಸಹಿ ಹಾಕಿ.